ದಾವಣಗೆರೆಯಿಂದ ಅಂಡಮಾನಿಗೆ ಮನೆ ಸಾಗಿಸುತ್ತಿದ್ದೇವೆ, ದಿನದ ಬದುಕು ಹೇಗಿರುತ್ತದೆ ಹೇಳಿ

ವಿದ್ಯಾನಗರದ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಪೋರ್ಟ್ ಬ್ಲೇರಿಗೆ ವರ್ಗ ಆಗಿದೆ. 2024ರಿಂದ ಊರಿನ ಹೆಸರು ಶ್ರೀ ವಿಜಯಪುರಂ, ಆದರೆ ಮನೆಯಲ್ಲಿ ಎಲ್ಲರೂ ಹಳೇ ಹೆಸರೇ ಹೇಳುತ್ತಿದ್ದಾರೆ. ಜೂನ್ ಮೊದಲ ವಾರ ಹೊರಡಬೇಕು. ನಾನು, ಅವರು, ಎರಡನೇ ಕ್ಲಾಸಿನ ಮಗ, ಜೊತೆಗೆ ಅತ್ತೆ. ಯೂಟ್ಯೂಬ್ ನೋಡಿದರೆ ಬರೀ ಸ್ಕೂಬಾ, ಬೀಚು, ಸೆಲ್ಯುಲರ್ ಜೈಲು. ನಾನು ಅಲ್ಲಿ ಬಟ್ಟೆ ಒಗೆಯಬೇಕು, ಅಡುಗೆ ಮಾಡಬೇಕು, ಮಗನನ್ನು ಸ್ಕೂಲಿಗೆ ಕಳಿಸಬೇಕು. ಅದನ್ನು ಯಾರೂ ಹೇಳುತ್ತಿಲ್ಲ. ನಮ್ಮ ಕಡೆಯವರು ಯಾರಾದರೂ ಅಲ್ಲಿ ಇದ್ದರೆ, ಇದ್ದು ಬಂದಿದ್ದರೆ ದಯವಿಟ್ಟು ತಿಳಿಸಿ. ಮನೆಯಲ್ಲಿ ಮೀನು, ಮೊಟ್ಟೆ ಯಾರೂ ತಿನ್ನುವುದಿಲ್ಲ. ಅತ್ತೆಗೆ ಜೋಳದ ರೊಟ್ಟಿ ಇಲ್ಲದೆ ಊಟ ಸೇರುವುದಿಲ್ಲ.

ಚಳ್ಳಕೆರೆ ಶೇಂಗಾ
ಕಾಲಾಪಾನಿಗೆ ಕುಟುಂಬ ಸಮೇತ ಹೋಗುವವರನ್ನು ಇದೇ ಮೊದಲು ನೋಡಿದ್ದು. ತಮಾಷೆ ಅಕ್ಕ, ಬೇಜಾರಾಗಬೇಡಿ. ಮೊಸಳೆ ಇದೆಯಂತೆ, ಹುಷಾರು.

ಕೋಟೆ ಕೆಳಗಿನವನು
ತಾಯಿ, ನಾನು ಕೆಲಸದ ಮೇಲೆ ಅಲ್ಲಿ ಕೆಲವು ವರ್ಷ ಇದ್ದು ಬಂದವನು. ಈಗ ನಿವೃತ್ತಿಯಾಗಿ ಚಿತ್ರದುರ್ಗದಲ್ಲೇ ಇದ್ದೇನೆ. ಮೊಸಳೆ ನಿಜ, ಉಪ್ಪುನೀರಿನ ಮೊಸಳೆ. ಬೋರ್ಡ್ ಹಾಕಿದ ಕಡೆ ನೀರಿಗೆ ಇಳಿಯಬೇಡಿ, ತೊರೆ ಸಮುದ್ರ ಸೇರುವ ಜಾಗದಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಮಗನನ್ನು ಆಡಲು ಬಿಡಬೇಡಿ, ಅಷ್ಟೇ. ಅದು ದಿನಾ ಎದುರಾಗುವ ತೊಂದರೆ ಅಲ್ಲ.

ದಿನಾ ಎದುರಾಗುವುದು ಗಡಿಯಾರ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ದಾವಣಗೆರೆ ಇರುವುದು 76 ಡಿಗ್ರಿ ರೇಖಾಂಶದ ಹತ್ತಿರ, ಪೋರ್ಟ್ ಬ್ಲೇರ್ 92ರ ಆಚೆ. ಒಂದು ಡಿಗ್ರಿಗೆ 4 ನಿಮಿಷ ಅಂತ ಲೆಕ್ಕ ಹಾಕಿ. ಸೂರ್ಯ ಅಲ್ಲಿ ನಮಗಿಂತ ಒಂದು ಗಂಟೆ ಮೊದಲೇ ಹುಟ್ಟಿ, ಮೊದಲೇ ಮುಳುಗುತ್ತಾನೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಜೂನ್‌ನಲ್ಲಿ ಬೆಳಿಗ್ಗೆ 5ಕ್ಕೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆ ಹೊತ್ತು ಮುಳುಗಿರುತ್ತದೆ. ಆಫೀಸು ಬಿಟ್ಟು ಹೊರಗೆ ಬಂದರೆ ಕತ್ತಲು.

ಹಾಗಾಗಿ ನಿಮ್ಮ ದಿನವನ್ನೇ ಒಂದು ಗಂಟೆ ಮೊದಲೇ ಶುರು ಮಾಡಿಬಿಡಿ. ವಾಕಿಂಗ್, ಸಂತೆ, ಮಗನ ಆಟ ಎಲ್ಲ ಬೆಳಿಗ್ಗೆಯೇ ಮುಗಿಯಲಿ. ಅತ್ತೆಯವರು ದೀಪ ಹಚ್ಚುವ ಹೊತ್ತು 5ಕ್ಕೇ ಬರುತ್ತದೆ, 7ಕ್ಕೆ ಊಟ ಕೇಳುತ್ತಾರೆ, ಕೊಟ್ಟುಬಿಡಿ. ಗಡಿಯಾರ ನೋಡಿಕೊಂಡು 9 ಗಂಟೆಯವರೆಗೆ ಕಾಯಿಸಿದರೆ ಎಲ್ಲರಿಗೂ ಸಿಡುಕು. ಕಿಟಕಿಗೆ ದಪ್ಪ ಪರದೆ ಹಾಕಿ, ಇಲ್ಲದಿದ್ದರೆ ಭಾನುವಾರವೂ ನಿದ್ದೆ ಇಲ್ಲ.

ವಿದ್ಯಾನಗರದ ಸೊಸೆ
ಸರ್, ಇದು ನಿಜವಾಗಿ ಗೊತ್ತಿರಲಿಲ್ಲ. ಸೆಕೆ ಹೇಗೆ? ನಮ್ಮೂರ ಏಪ್ರಿಲ್ ತಡೆದವರಿಗೆ ಅಲ್ಲಿ ಏನೂ ಅನ್ನಿಸುವುದಿಲ್ಲ ಅಂತ ನಮ್ಮವರು ಹೇಳುತ್ತಾರೆ.

ಹಿರಿಯೂರು ಹೆಣ್ಮಗಳು
ಅಕ್ಕ, ನಾನು ಈಗ ಗಾರಾಚರ್ಮಾದಲ್ಲಿ ಇದ್ದೇನೆ, ಪೋರ್ಟ್ ಬ್ಲೇರ್ ಪಕ್ಕದಲ್ಲೇ. ಸೆಕೆ ವಿಷಯದಲ್ಲಿ ನಿಮ್ಮ ಯಜಮಾನರ ಮಾತು ನಂಬಬೇಡಿ. ಅಂಕಿ ನೋಡಿದರೆ ಏನೂ ಅಲ್ಲ, ವರ್ಷವಿಡೀ 23ರಿಂದ 31–32 ಡಿಗ್ರಿ ಒಳಗೇ. ದಾವಣಗೆರೆಯಲ್ಲಿ 38 ಮುಟ್ಟುತ್ತದೆ, ಆದರೆ ಒಣ ಬಿಸಿಲು. ಬೇವಿನ ಮರದ ಕೆಳಗೆ ನಿಂತರೆ ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಇಲ್ಲಿ ಗಾಳಿಯೇ ಹಸಿ. ಬೆವರು ಆರುವುದೇ ಇಲ್ಲ, ಅದಕ್ಕೇ ನೆರಳಲ್ಲೂ ಆರಾಮ ಇಲ್ಲ. ಬಿಸಿನೀರು ಕಾಯಿಸಿದ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ನಿಂತ ಹಾಗೆ. ಚಳಿಗಾಲ ಅಂತ ಒಂದು ಬರುತ್ತದೆ ಅಂದ್ಕೋಬೇಡಿ, ರಗ್ಗು, ಸ್ವೆಟರ್ ಊರಲ್ಲೇ ಬಿಟ್ಟು ಬನ್ನಿ.

ಸಿಂಥೆಟಿಕ್ ಸೀರೆ, ನೈಟಿ ಬೇಡ. ತೆಳು ಹತ್ತಿಯದೇ ತನ್ನಿ. ಒದ್ದೆ ಬಟ್ಟೆ ಮೈಮೇಲೆ ಆರಿದರೆ ತೊಡೆಸಂದಿ, ಕಂಕುಳಲ್ಲಿ ಹುಳುಕಡ್ಡಿ ಏಳುತ್ತದೆ. ಬಂದವರಿಗೆಲ್ಲ ಮೊದಲ ಮಳೆಗಾಲದಲ್ಲಿ ಇದೇ ಕಥೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟಿರಾಯ್ಡ್ ಸೇರಿದ ಮುಲಾಮು ಹಚ್ಚಬೇಡಿ. ಎರಡು ದಿನ ಕಡಿಮೆಯಾದ ಹಾಗೆ ಕಾಣಿಸಿ, ಆಮೇಲೆ ಅಗಲವಾಗಿ ಹಬ್ಬುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ.

ಮಂಡಕ್ಕಿ ಭಟ್ಟಿ
ಅಲ್ಲಿ ಮಂಡಕ್ಕಿ ಗತಿ ಏನು? ಅದನ್ನು ಹೇಳಿ ಮೊದಲು.

ಹಿರಿಯೂರು ಹೆಣ್ಮಗಳು
ಹಾಹಾ. ಅಳು ಬರುತ್ತದೆ ಅಣ್ಣ. ಪೊಟ್ಟಣ ಬಿಚ್ಚಿ ತಟ್ಟೆಗೆ ಸುರಿದು, ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಬಾಯಿಗೆ ಹಾಕಿದರೆ ಕರುಂ ಅನ್ನುವುದಿಲ್ಲ, ಅಂಟುತ್ತದೆ. ಮೊದಲು ಎಲ್ಲ ಹೆಚ್ಚಿಟ್ಟುಕೊಳ್ಳಬೇಕು, ಮಂಡಕ್ಕಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು, ಕೈಯಲ್ಲಿ ಒತ್ತಿದರೆ ಪುಡಿಯಾಗಬೇಕು. ಆಮೇಲೆ ಕಲಸಿದವರು ಅಲ್ಲೇ ನಿಂತು ತಿನ್ನಬೇಕು. ಮಿರ್ಚಿ ಇನ್ನೊಂದು ಕೈಯಲ್ಲಿ.

ಮಂಡಕ್ಕಿ ಭಟ್ಟಿ
ಭತ್ತ ನೆನೆಸಿ, ಬೇಯಿಸಿ, ಅಕ್ಕಿ ಮಾಡಿ, ಕಾದ ಮರಳಲ್ಲಿ ಹುರಿದು ಅರಳಿಸುವ ಪದಾರ್ಥ ಅದು. ಒಳಗೆಲ್ಲ ತೂತು. ಗಾಳಿಯಲ್ಲಿ ಎಷ್ಟು ನೀರಿದೆಯೋ ಅಷ್ಟನ್ನೂ ಹೀರುತ್ತದೆ. ಅಕ್ಕ, ದೊಡ್ಡ ಚೀಲ ಒಯ್ಯಬೇಡಿ. ಒಂದೊಂದು ಹೊತ್ತಿಗೆ ಆಗುವಷ್ಟು ಚಿಕ್ಕ ಪೊಟ್ಟಣ ಮಾಡಿ, ಸೀಲ್ ಹಾಕಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿ. ನರ್ಗೀಸ್ ಮಂಡಕ್ಕಿ ಅಲ್ಲಿ ಮಾಡಿಕೊಂಡೇ ತಿನ್ನಿ, ಮಾಡಿದ್ದನ್ನು ಕಟ್ಟಿಕೊಂಡು ಹೋದರೆ ವೇಸ್ಟ್.

ವಿದ್ಯಾನಗರದ ಸೊಸೆ
ಹಾಗಾದರೆ ಖಡಕ್ ರೊಟ್ಟಿ?

ಹಿರಿಯೂರು ಹೆಣ್ಮಗಳು
ಅದೂ ಅಷ್ಟೇ. ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಡುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಬಗ್ಗುತ್ತದೆ, ಆಮೇಲೆ ಬೂಸ್ಟು. ಮೆತ್ತನೆ ರೊಟ್ಟಿ ಬಿಸಿಬಿಸಿ ಬಡಿದು ತಿನ್ನುವುದೇ ಸರಿ. ಜೋಳದ ಹಿಟ್ಟು ಇಲ್ಲಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಾನು ಊರಿಂದ ಸ್ಪೀಡ್ ಪೋಸ್ಟಿನಲ್ಲಿ ತರಿಸುತ್ತೇನೆ, ಸ್ವಲ್ಪ ಸ್ವಲ್ಪವೇ, ಬಂದ ತಕ್ಷಣ ಫ್ರಿಜ್ಜಿಗೆ. ಹೊರಗಿಟ್ಟರೆ ಹುಳ ಆಗುತ್ತದೆ, ಹಿಟ್ಟಿನ ಜಿಗುಟು ಹೋಗುತ್ತದೆ. ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕೂಡ ಫ್ರಿಜ್ಜಲ್ಲೇ, ಒದ್ದೆ ಚಮಚ ಹಾಕಬೇಡಿ. ಕಬ್ಬಿಣದ ಹಂಚಿಗೆ ತೊಳೆದ ಮೇಲೆ ಎಣ್ಣೆ ಸವರಿಡಿ, ಬೆಳಗಾಗುವುದರೊಳಗೆ ತುಕ್ಕು ಕಾಣಿಸುತ್ತದೆ.

ಚಳ್ಳಕೆರೆ ಶೇಂಗಾ
ಶೇಂಗಾ ಫ್ರಿಜ್ಜಲ್ಲಿ ಇಡುವ ಊರಿಗೆ ನಾನಂತೂ ಬರುವುದಿಲ್ಲ.

ಕೋಟೆ ಕೆಳಗಿನವನು
ಬಟ್ಟೆ ವಿಷಯ ಬಿಟ್ಟುಹೋಯಿತು. ಮೇ ಮಧ್ಯದಿಂದ ನೈಋತ್ಯ ಮಾರುತದ ಮಳೆ, ಅದು ಮುಗಿಯುವಷ್ಟರಲ್ಲಿ ಹಿಂಗಾರು. ಡಿಸೆಂಬರ್‌ವರೆಗೂ ಬಿಟ್ಟು ಬಿಟ್ಟು ಬರುತ್ತಲೇ ಇರುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್. ನಮ್ಮ ದುರ್ಗದ ಕಡೆ 600 ಬಂದರೆ ಕೆರೆ ಪೂಜೆ ಮಾಡುತ್ತೇವೆ. ಬಟ್ಟೆ ಒಣಗಿಸಲು ಒಳಗೇ ಹಗ್ಗ ಕಟ್ಟಿ, ಫ್ಯಾನ್ ಹಾಕಿ. ಬೀರುವಿನಲ್ಲಿ ಚಿಕ್ಕ ಹಳೇ ಕಾಲದ ಬಲ್ಬು, ಬಟ್ಟೆಗೆ ತಾಗದ ಹಾಗೆ ಮೇಲೆ ಹಾಕಿಸಿದರೆ ಬೂಸ್ಟು ಕಡಿಮೆ. ಎಲ್‌ಇಡಿ ಬೇಡ, ಅದರಲ್ಲಿ ಬಿಸಿ ಇಲ್ಲ. ಮದುವೆ ರೇಷ್ಮೆ ಸೀರೆ ಒಯ್ಯಬೇಡಿ ತಾಯಿ. ಚರ್ಮದ ಬೆಲ್ಟು, ಚಪ್ಪಲಿ ಹಸಿರಾಗುತ್ತವೆ. ಮಾರ್ಕ್ಸ್ ಕಾರ್ಡು, ಜಮೀನು ಪತ್ರ ಇವೆಲ್ಲ ದಾವಣಗೆರೆಯಲ್ಲೇ ಇರಲಿ, ಜೆರಾಕ್ಸ್ ಸಾಕು.

ವಿದ್ಯಾನಗರದ ಸೊಸೆ
ಅಷ್ಟು ಮಳೆ ಅಂದರೆ ನೀರಿಗೆ ತೊಂದರೆ ಇಲ್ಲ ಅನ್ನಿ. ಇಲ್ಲಿ ಬೇಸಿಗೆಯಲ್ಲಿ ನಲ್ಲಿ ಕಾದು ಸಾಕಾಗಿದೆ.

ಹಿರಿಯೂರು ಹೆಣ್ಮಗಳು
ಅಕ್ಕ, ಇಲ್ಲೇ ಇರುವುದು ಮಜಾ. ನೀರಿಗೇ ತೊಂದರೆ. ಪೋರ್ಟ್ ಬ್ಲೇರಿಗೆ ಮುಖ್ಯವಾಗಿ ಧಾನಿಖಾರಿ ಅಣೆಕಟ್ಟಿನ ನೀರು. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಇಲ್ಲ ಅಂದರೆ ಅದು ಇಳಿಯುತ್ತಾ ಹೋಗುತ್ತದೆ. ಆಗ ನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ಬಾಡಿಗೆ ಮನೆ ನೋಡುವಾಗ ಕಿಟಕಿಯಿಂದ ಸಮುದ್ರ ಕಾಣುತ್ತದಾ ಅಂತ ನೋಡಬೇಡಿ. ಟ್ಯಾಂಕ್ ಎಷ್ಟು ಲೀಟರ್, ಸೂರಿನ ನೀರು ಹಿಡಿಯುವ ಪೈಪು ಇದೆಯಾ, ಎಷ್ಟು ಮನೆಗೆ ಒಂದು ಟ್ಯಾಂಕ್, ಇದನ್ನು ಕೇಳಿ. ನಾನು ಇಲ್ಲಿಗೆ ಬಂದಾಗ ಡ್ರಮ್ಮು ಕೊಂಡಿದ್ದು ನೋಡಿ ಓನರ್ ಆಂಟಿ ‘ನೀನು ಮೇನ್‌ಲ್ಯಾಂಡಿನವಳಾ, ಇಲ್ಲ ಇಲ್ಲಿಯವಳಾ’ ಅಂತ ಕೇಳಿದರು. ಹಿರಿಯೂರಲ್ಲಿ ಬೆಳೆದವಳಿಗೆ ಡ್ರಮ್ಮು ಹೇಳಿಕೊಡಬೇಕಾ?

ಕೋಟೆ ಕೆಳಗಿನವನು
ಇದರ ಕಾರಣ ಹೇಳುತ್ತೇನೆ, ನನಗೆ ಇಷ್ಟದ ವಿಷಯ. ದ್ವೀಪದಲ್ಲಿ ಗುಡ್ಡ ಕಡಿದಾಗಿದೆ, ತೊರೆ ಚಿಕ್ಕವು. ಬಿದ್ದ ಮಳೆ ಕೆಲವೇ ಗಂಟೆಯಲ್ಲಿ ಸಮುದ್ರಕ್ಕೆ. ನಿಲ್ಲಿಸುವ ಜಾಗ ಕಡಿಮೆ. ಮಳೆ ಎಷ್ಟು ಬಂತು ಅನ್ನುವುದಕ್ಕಿಂತ ಎಷ್ಟು ತಡೆದಿರಿ ಅನ್ನುವುದೇ ಲೆಕ್ಕ. ನಮ್ಮ ಕೋಟೆಯಲ್ಲಿ ಪಾಳೇಗಾರರು ಮಾಡಿದ್ದು ಇದನ್ನೇ ಅಲ್ವಾ? ಬಂಡೆ ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಅಂಡಮಾನಿನ ಐದರಲ್ಲಿ ಒಂದು ಪಾಲು ಮಳೆ ಬೀಳುವ ನಮ್ಮ ಊರಲ್ಲಿ ಒಂದು ದಂಡು ಮುತ್ತಿಗೆ ಹಾಕಿದರೂ ಒಳಗಿನವರು ಕುಡಿದುಕೊಂಡು ಇದ್ದರು. ಅಲ್ಲಿ ಇದ್ದಾಗ ಧಾನಿಖಾರಿ ಇಳಿದ ಸುದ್ದಿ ಬಂದಾಗಲೆಲ್ಲ ನನಗೆ ಈ ಹೊಂಡಗಳೇ ಕಣ್ಣಿಗೆ ಬರುತ್ತಿದ್ದವು.

ಕರೆಂಟೂ ಹಾಗೇ. ಅಲ್ಲಿಗೆ ನಮ್ಮ ಗ್ರಿಡ್ ಇಲ್ಲ. ಜಾಸ್ತಿ ಭಾಗ ಡೀಸೆಲ್ ಜನರೇಟರ್, ಡೀಸೆಲ್ ಹಡಗಿನಲ್ಲಿ ಬರಬೇಕು. ಸೋಲಾರ್ ಇತ್ತೀಚೆಗೆ ಸೇರಿಕೊಂಡಿದೆ. ಇನ್ವರ್ಟರ್ ಇಟ್ಟುಕೊಳ್ಳಿ. ಇನ್ನು ಇಂಟರ್‌ನೆಟ್ ಅಂತೂ ದೇವರಿಗೇ ಪ್ರೀತಿ. ಮೊಮ್ಮಗನ ಫೋಟೋ ಒಂದು ಬರಲು ಅರ್ಧ ದಿನ.

ಹಿರಿಯೂರು ಹೆಣ್ಮಗಳು
ಸರ್, ಅದು ನಿಮ್ಮ ಕಾಲದ ಮಾತು, ಉಪಗ್ರಹದ ಇಂಟರ್‌ನೆಟ್ ಇದ್ದಾಗ. 2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂತು, ಸುಮಾರು 2,300 ಕಿಲೋಮೀಟರ್ ಉದ್ದದ್ದು. ಈಗ ಪೋರ್ಟ್ ಬ್ಲೇರ್ ಊರೊಳಗೆ ವಿಡಿಯೊ ಕಾಲ್ ಆರಾಮಾಗಿ ಆಗುತ್ತದೆ. ಊರು ಬಿಟ್ಟು ಉತ್ತರಕ್ಕೆ ಹೋದರೆ ಕೆಲವು ಕಡೆ ಇನ್ನೂ ಕಷ್ಟವೇ.

ಕೋಟೆ ಕೆಳಗಿನವನು
ಆಯ್ತಮ್ಮ, ಇದ್ದವಳು ನೀನು, ನಿನ್ನ ಮಾತೇ ನಡೆಯಲಿ.

ವಿದ್ಯಾನಗರದ ಸೊಸೆ
ತರಕಾರಿ, ಹಾಲು?

ಹಿರಿಯೂರು ಹೆಣ್ಮಗಳು
ಎಲ್ಲದಕ್ಕೂ ಹಡಗು ಅಂತ ತಿಳಿದುಕೊಳ್ಳಿ. ಈರುಳ್ಳಿ, ಆಲೂಗಡ್ಡೆ, ಬೇಳೆ, ಸಿಮೆಂಟು, ಪೆನ್ನು, ಸೋಪು, ಎಲ್ಲ ಚೆನ್ನೈ, ಕೋಲ್ಕತ್ತಾದಿಂದ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಇಲ್ಲಿಯ ಹೆಂಗಸರು ಮೊದಲು ಈರುಳ್ಳಿ ತರಲು ಓಡುತ್ತಾರೆ. ಹಡಗು ತಡವಾದರೆ ಟೊಮೆಟೊ ರೇಟು ಕೇಳಬೇಡಿ. ಅಬರ್ಡೀನ್ ಬಜಾರ್ ಊರಿನ ದೊಡ್ಡ ಮಾರುಕಟ್ಟೆ. ಸ್ಥಳೀಯ ತರಕಾರಿ ಜಾಸ್ತಿ ಬರುವುದು ನೀಲ್ ದ್ವೀಪದಿಂದ, ಈಗಿನ ಶಹೀದ್ ದ್ವೀಪ. ಸೋರೆ, ಪಡವಲ, ಬಾಳೆಕಾಯಿ, ಸೊಪ್ಪು ಇವನ್ನು ತಿನ್ನುವವರಿಗೆ ಕಷ್ಟ ಇಲ್ಲ. ಕೋಸು, ಕ್ಯಾರೆಟ್ಟೇ ಬೇಕು ಅಂದರೆ ದುಡ್ಡು ಕೊಡಿ. ಹಾಲು ಜಾಸ್ತಿ ಟೆಟ್ರಾ ಪ್ಯಾಕು, ಪುಡಿ. ಬೆಣ್ಣೆ ದೋಸೆ ಕನಸು ಬಿಡಿ.

ಮೀನು ತಿನ್ನದವರು ಅಂದರೆ ಮೊದಮೊದಲು ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಆದರೆ ತಮಿಳು, ತೆಲುಗು ಜನ ತುಂಬಾ ಇದ್ದಾರೆ, ಇಡ್ಲಿ ಸಾಂಬಾರಿಗೆ ಕೊರತೆ ಇಲ್ಲ. ಬಂಗಾಳಿಗಳು ಎಲ್ಲರಿಗಿಂತ ಜಾಸ್ತಿ. ಬೀದಿಯಲ್ಲಿ ಎಲ್ಲರ ನಡುವೆ ನಡೆಯುವುದು ಹಿಂದಿ, ಅದೂ ಸರಳ ಹಿಂದಿ, ವ್ಯಾಕರಣ ತಪ್ಪಿದರೆ ಯಾರೂ ನಗುವುದಿಲ್ಲ.

ಆನ್‌ಲೈನ್ ಆರ್ಡರ್ ಬಗ್ಗೆಯೂ ಹೇಳಿಬಿಡುತ್ತೇನೆ. ಪಿನ್‌ಕೋಡ್ 744ರಿಂದ ಶುರುವಾಗುತ್ತದೆ. ಹಾಕಿದ ಕೂಡಲೇ ‘ಈ ಜಾಗಕ್ಕೆ ತಲುಪಿಸುವುದಿಲ್ಲ’ ಅಂತ ಎಷ್ಟೋ ಕಡೆ ಬರುತ್ತದೆ. ಬ್ಯಾಟರಿ ಇರುವ ಸಾಮಾನಂತೂ ವಿಮಾನಕ್ಕೆ ಹತ್ತಿಸುವುದೇ ಕಷ್ಟ. ಪೆಟ್ರೋಲ್ ಮಾತ್ರ ನಮ್ಮೂರಿಗಿಂತ ಸುಮಾರು ಕಡಿಮೆ, ವ್ಯಾಟ್ ಕಡಿಮೆ ಇರುವುದರಿಂದ. ಸ್ಕೂಟಿ ತಂದರೆ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸಿ ತನ್ನಿ.

ಚಳ್ಳಕೆರೆ ಶೇಂಗಾ
ಅಕ್ಕ, ಅತ್ತೆಯವರನ್ನು ಕರೆದುಕೊಂಡು ಹೋಗುವುದು ಬೇಕಾ? ತಮಾಷೆ ಅಲ್ಲ, ಸೀರಿಯಸ್ಸಾಗಿ ಕೇಳುತ್ತಿದ್ದೇನೆ. ಆಸ್ಪತ್ರೆ, ಭೂಕಂಪ, ಸುನಾಮಿ.

ಕೋಟೆ ಕೆಳಗಿನವನು
ಪ್ರಶ್ನೆ ಸರಿಯಾಗಿದೆ. ಜಿ.ಬಿ. ಪಂತ್ ಆಸ್ಪತ್ರೆ ಇಡೀ ದ್ವೀಪಕ್ಕೆ ದೊಡ್ಡದು, ಸಾಮಾನ್ಯ ಕಾಯಿಲೆಗೆ ಧಾರಾಳ. ದೊಡ್ಡ ಆಪರೇಷನ್ ಅಂದರೆ ಜನ ಚೆನ್ನೈ ಕಡೆ ನೋಡುತ್ತಾರೆ. ಬಿಪಿ, ಶುಗರ್ ಮಾತ್ರೆ ಕೈಯಲ್ಲಿ ಸ್ಟಾಕ್ ಇರಬೇಕು. ಹೃದಯದ ತೊಂದರೆ, ಡಯಾಲಿಸಿಸ್ ಇದ್ದವರಾದರೆ ನಾನು ಬೇಡ ಅನ್ನುತ್ತೇನೆ. ಗಟ್ಟಿ ಇದ್ದರೆ ಕರೆದುಕೊಂಡು ಹೋಗಿ, ಮಗನಿಗೂ ಜೊತೆ. ಮಳೆಗಾಲದಲ್ಲಿ ಇಲಿಜ್ವರ ಅಲ್ಲಿ ಹಳೆಯ ತೊಂದರೆ. ನಿಂತ ನೀರಲ್ಲಿ ಬರಿಗಾಲಲ್ಲಿ ನಡೆಯಬಾರದು, ಗಾಯ ಇದ್ದರಂತೂ ಬೇಡವೇ ಬೇಡ. ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ಅದೇ ದಿನ ತೋರಿಸಿ.

ಭೂಕಂಪ ಆಗುತ್ತಿರುತ್ತವೆ. ನಮಗೆ ಅಭ್ಯಾಸವೇ ಇಲ್ಲ, ದುರ್ಗದ ಗ್ರಾನೈಟು 260 ಕೋಟಿ ವರ್ಷದ್ದು, ಅಲುಗಾಡುವುದು ಮರೆತಿದೆ. ಅಲ್ಲಿ ಎರಡು ಭೂಫಲಕ ಸೇರುವ ಗಡಿ ಪಕ್ಕದಲ್ಲೇ ಇದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ನಿಕೋಬಾರಿನ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ಸುಮಾರು 4 ಮೀಟರ್ ಕುಸಿಯಿತು. ಪೋರ್ಟ್ ಬ್ಲೇರ್ ಹತ್ತಿರದ ಸಿಪ್ಪಿಘಾಟ್‌ನಲ್ಲಿ ಗದ್ದೆಗಳಿಗೆ ಉಪ್ಪುನೀರು ನುಗ್ಗಿದ್ದು ಹಾಗೇ ನಿಂತಿತು, ರಸ್ತೆಯಿಂದಲೇ ಕಾಣುತ್ತದೆ. ಮನೆ ಎತ್ತರದ ಜಾಗದಲ್ಲಿ ನೋಡಿ. ಬೀರು, ಗಾಜಿನ ಸಾಮಾನು ಮಂಚದ ತಲೆಭಾಗದಲ್ಲಿ ಬೇಡ. ಜೋರಾಗಿ, ತುಂಬಾ ಹೊತ್ತು ನಡುಗಿದರೆ ಸೈರನ್‌ಗೆ ಕಾಯದೆ ಮೇಲಕ್ಕೆ ಹೋಗಬೇಕು. ಇದನ್ನು ಮಗನಿಗೂ ಒಮ್ಮೆ ನಡೆಸಿಯೇ ತೋರಿಸಿ.

ಹಿರಿಯೂರು ಹೆಣ್ಮಗಳು
ಜರಿಹುಳದ ಬಗ್ಗೆಯೂ ಹೇಳಿ ಸರ್! ಇಲ್ಲಿಯ ಜರಿ ಅಂಗೈಗಿಂತ ಉದ್ದ. ಕಚ್ಚಿದರೆ ರಾತ್ರಿಯಿಡೀ ಕಿರುಚಬೇಕು. ಬೂಟು, ಹಾಸಿಗೆ ಕೊಡವದೆ ಮುಟ್ಟಬೇಡಿ. ಬೀಚಿನಲ್ಲಿ ಮರಳುನೊಣ ಕಚ್ಚಿದ್ದನ್ನು ಕೆರೆಯಬೇಡಿ, ಗಾಯವಾಗಿ ಕೀವಾಗುತ್ತದೆ, ಈ ಹಸಿ ಗಾಳಿಯಲ್ಲಿ ಬೇಗ ಮಾಯುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಿ. ಮಗ ಶಂಖ, ಹವಳ ಆರಿಸಿ ಜೇಬಿಗೆ ಹಾಕಿಕೊಂಡರೆ ವಾಪಸ್ ಹಾಕಿಸಿ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ.

ಬಾರಾಟಾಂಗ್ ಕಡೆ ಹೋದರೆ ಜರವಾ ಆದಿವಾಸಿ ಜನರ ಮೀಸಲು ಕಾಡು ದಾಟಬೇಕು. ಜಿರ್ಕಾಟಾಂಗ್ ಗೇಟಿನಿಂದ ನಿಗದಿ ಹೊತ್ತಿಗೆ ಗಾಡಿಗಳು ಸಾಲಾಗಿ ಹೋಗುತ್ತವೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿಂಡಿ ಎಸೆಯುವಂತಿಲ್ಲ. ಊರಿಂದ ಬಂದ ನೆಂಟರು ‘ಒಂದೇ ಒಂದು ಫೋಟೋ’ ಅಂತಾರೆ. ನನಗೆ ಆಗ ತುಂಬಾ ಸಿಟ್ಟು ಬರುತ್ತದೆ. ಅವರು ನೋಡುವ ವಸ್ತುಗಳಲ್ಲ, ಕಾನೂನಿನ ಪ್ರಕಾರ ಜೈಲೂ ಆಗುತ್ತದೆ.

ವಿದ್ಯಾನಗರದ ಸೊಸೆ
ಸ್ಕೂಲು? ಮತ್ತೆ ಊರಿಗೆ ಬಂದು ಹೋಗುವುದು? ಮುಂದಿನ ದುಗ್ಗಮ್ಮನ ಜಾತ್ರೆಗೆ ಬರಲೇಬೇಕು ಅಂತ ಅತ್ತೆ ಈಗಲೇ ಹಟ.

ಹಿರಿಯೂರು ಹೆಣ್ಮಗಳು
ಸ್ಕೂಲು ಸಿಬಿಎಸ್‌ಇ, ಕೇಂದ್ರೀಯ ವಿದ್ಯಾಲಯ ಇದೆ. ಕನ್ನಡ ಎಲ್ಲೂ ಇಲ್ಲ, ಮನೆಯಲ್ಲೇ ಓದಿಸಬೇಕು. ನಾನು ನನ್ನ ಮಗಳಿಗೆ ಸಂಜೆ ಕತ್ತಲಾದ ಮೇಲೆ ಕಾಗುಣಿತ ಹಿಡಿದು ಕೂರುತ್ತೇನೆ, ಸಂಜೆ ಉದ್ದ ಇರುತ್ತದಲ್ಲ.

ಬೆಂಗಳೂರಿಂದ ನೇರ ವಿಮಾನ ಇದೆ, ಎರಡೂವರೆ ಗಂಟೆ ಚಿಲ್ಲರೆ. ದಾವಣಗೆರೆಯಿಂದ ಬೆಂಗಳೂರು ತಲುಪುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಟಿಕೆಟ್ ಮೊದಲೇ ಮಾಡಿಸಿ, ಕೊನೇ ಗಳಿಗೆಯಲ್ಲಿ ರೇಟು ಕೈಗೆ ಎಟುಕುವುದಿಲ್ಲ. ಊರಲ್ಲಿ ಯಾರಿಗಾದರೂ ಸೀರಿಯಸ್ ಅಂತ ರಾತ್ರಿ ಫೋನ್ ಬಂದರೆ ಬೆಳಗಿನ ವಿಮಾನಕ್ಕೆ ಕಾಯಬೇಕು, ಬೇರೆ ದಾರಿ ಇಲ್ಲ. ಇದನ್ನು ಮನೆಯಲ್ಲಿ ಎಲ್ಲರೂ ಕೂತು ಮಾತಾಡಿಕೊಂಡು ಬನ್ನಿ. ಅದಕ್ಕೆ ಅಂತ ಸ್ವಲ್ಪ ದುಡ್ಡು ಬೇರೆ ತೆಗೆದಿಡಿ.

ಕೋಟೆ ಕೆಳಗಿನವನು
ಚೆನ್ನೈಯಿಂದ ಹಡಗೂ ಇದೆ, ಮೂರು ದಿನ ಹಿಡಿಯುತ್ತದೆ. ಅತ್ತೆಯವರಿಗೆ ಬೇಡ, ಜೂನ್ ಕಡಲು ವಾಂತಿ ಮಾಡಿಸುತ್ತದೆ. ಸಾಮಾನು ಮಾತ್ರ ಲಾರಿಯಲ್ಲಿ ಚೆನ್ನೈಗೆ, ಅಲ್ಲಿಂದ ಹಡಗಿಗೆ. ವಾರಗಟ್ಟಲೆ ಆಗಬಹುದು. ಮರದ ಸೋಫಾ, ಪ್ಲೈವುಡ್ ಬೀರು ಒಯ್ಯಬೇಡಿ, ಉಬ್ಬಿ ಹಾಳಾಗುತ್ತವೆ.

ಅಡಿಕೆ ಚನ್ನಗಿರಿ
ತಡವಾಗಿ ನೋಡಿದೆ. ಒಂದು ಬೇರೆ ಪ್ರಶ್ನೆ. ಅಂಡಮಾನಲ್ಲಿ ಅಡಿಕೆ ತೋಟ ಜಾಸ್ತಿ ಅಂತ ಕೇಳಿದ್ದೇನೆ, ನಿಜವಾ? ನಾವು ಇಲ್ಲಿ ಬೋರು ಕೊರೆದು ಕೊರೆದು ಸಾಲ ಮಾಡಿಕೊಂಡಿದ್ದೇವೆ.

ಹಿರಿಯೂರು ಹೆಣ್ಮಗಳು
ನಿಜ ಅಣ್ಣ. ತೆಂಗು ಬಿಟ್ಟರೆ ಅಡಿಕೆಯೇ. ಕೇಂದ್ರ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆಯೂ ನಮ್ಮ ಗಾರಾಚರ್ಮಾದಲ್ಲೇ ಇದೆ. ಆದರೆ ನಾನು ನೋಡಿದ ತೋಟಗಳಲ್ಲಿ ನಿಮ್ಮ ಹಾಗೆ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪು ಮಾಡುವುದು ಕಾಣಲಿಲ್ಲ. ಹಣ್ಣಾದ ಮೇಲೆ ಒಣಗಿಸುತ್ತಾರೆ. ಈ ಮಳೆಯಲ್ಲಿ ಅಂಗಳ ಎಲ್ಲಿ ಒಣಗುತ್ತದೆ? ಟಾರ್ಪಾಲು ಹಾಕುವುದು, ತೆಗೆಯುವುದು, ಅದೇ ಕೆಲಸ.

ಅಡಿಕೆ ಚನ್ನಗಿರಿ
ಹಾಗಾದರೆ ನಮ್ಮ ರಾಶಿ ಇಡಿ ಕೆಂಪಡಿಕೆಗೆ ಅಲ್ಲಿಂದ ಪೈಪೋಟಿ ಇಲ್ಲ. ಬರ್ಮಾ ಕಡೆಯಿಂದ ನುಗ್ಗುವ ಅಡಿಕೆಯದೇ ತಲೆನೋವು.

ಮಂಡಕ್ಕಿ ಭಟ್ಟಿ
ಅಡಿಕೆ ರೇಟಿನ ಮಾತಿಗೆ ಬೇರೆ ಎಳೆ ಇದೆ ಅಣ್ಣ, ಅಲ್ಲಿ ಹಾಕಿ. ಇಲ್ಲಿ ಅಕ್ಕನ ಲಾರಿ ಇನ್ನೂ ಲೋಡ್ ಆಗಿಲ್ಲ. ಅಕ್ಕ, ಪೊಟ್ಟಣ ಸೀಲ್ ಮಾಡಿಸಬೇಕಾದರೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಬನ್ನಿ, ಸಂಜೆ ಭಟ್ಟಿ ಕಡೆ ರಶ್ಶು.